ಬೀರಪ್ಪನ ಓಣಿಯ ಮೀಸಲು ಕೊಡ

ಕಮತಗಿಯ ಸುತ್ತಲಿನ ಹಳ್ಳಿಗಳಲ್ಲಿ ಒಂದು ಪವಾಡದ ಕಥೆ ಹೇಳುತ್ತಾರೆ. ಬೀರಪ್ಪನ ಪೂಜಾರಿಯೊಬ್ಬ, ದಿಬ್ಬದ ಮೇಲಿನ ಹೊಂಡದ ನೀರನ್ನು ಗುಡಿಯ ಮುಂದಕ್ಕೆ ತರಲು ಹೊರಟನಂತೆ. ಕಲಾದಗಿಯಲ್ಲಿ ಕೆಡವಿದ ಯಾವುದೋ ಹಳೆಯ ಬಂಗಲೆಯಿಂದ ಕಬ್ಬಿಣದ ಕೊಳವೆಗಳನ್ನು ಚಕ್ಕಡಿಯಲ್ಲಿ ಹೇರಿ ತಂದನಂತೆ. ಕೊಳವೆ ಹೂಳುವ ದಾರಿಯಲ್ಲಿ ಬಂಡೆಯೊಂದು ಅಡ್ಡ ಬಂತು. ಪೂಜಾರಿ ಅದರ ಮೇಲೆ ಭಂಡಾರದ ಅರಿಸಿನ ಎರಚಿ, ದೇವರ ಹೆಸರು ಹೇಳಿ ಕೊಳವೆಯನ್ನು ಹಿಡಿದಾಗ, ಕಬ್ಬಿಣವು ಅವನ ಕೈಯಲ್ಲಿ ಮೇಣದಂತೆ ಬಾಗಿ ಬಂಡೆಯನ್ನು ಬಳಸಿಕೊಂಡು ಹೋಯಿತು. ಕೂಡಲಸಂಗಮದ ಕಡೆ ಸಿಗುವ ಪಾಠದಲ್ಲಿ ಬಂಡೆಯ ಬದಲು ಹುತ್ತವಿದೆ. ಬಾಗುವ ಕಬ್ಬಿಣ ಮಾತ್ರ ಎರಡರಲ್ಲೂ ಒಂದೇ.

ಕಥೆ ನಡೆದ ಊರಿನ ಹೆಸರನ್ನು, ಹೇಳಿದವರ ಇಚ್ಛೆಯಂತೆ, ಇಲ್ಲಿ ಬರೆದಿಲ್ಲ. ಆ ಪೂಜಾರಿಯ ಮೊಮ್ಮಗ ಮಾಳಪ್ಪ ಈಗ ಅದೇ ಗುಡಿಯ ಪೂಜೆ ಮಾಡುತ್ತಾನೆ. ಪವಾಡಕ್ಕೆ ಇತ್ತೀಚೆಗೆ ಸೇರಿಕೊಂಡ ಭಾಗವನ್ನು ಅವನಿಂದಲೂ, ಅವನ ಹೆಂಡತಿ ರಂಗವ್ವನಿಂದಲೂ, ಓಣಿಯ ಇತರರಿಂದಲೂ ಬೇರೆಬೇರೆಯಾಗಿ ಕೇಳಿ ಇಲ್ಲಿ ಕೂಡಿಸಿದ್ದೇನೆ.

ಮೊದಲು ಆ ಓಣಿಯ ಪದ್ಧತಿಯನ್ನು ತಿಳಿಯಬೇಕು. ಇರುಳೆಲ್ಲ ಆ ಕೊಳವೆಯಲ್ಲಿ ನಿಂತ, ಯಾರೂ ಮುಟ್ಟದ ನೀರು ಗುಡಿಯ ಮುಂದಿನ ನಳದಿಂದ ಬೆಳಗಿನ ಮೊದಲ ಕೊಡಕ್ಕೆ ಬೀಳುತ್ತದೆ. ಅದು ಮೀಸಲು ಕೊಡ. ಓಣಿಯಲ್ಲಿ ಬಸುರಿ ಯಾರಿದ್ದರೂ ಆ ಕೊಡ ಅವಳದು. ಅತ್ತೆ ಸುರಿಯಬೇಕು, ಸೊಸೆ ಬೊಗಸೆಯೊಡ್ಡಿ ಕುಡಿಯಬೇಕು. ಉಳಿದದ್ದನ್ನೇ ಅವಳು ದಿನವಿಡೀ ಕುಡಿಯಬೇಕು. ಮಾಳಪ್ಪನ ಸೊಸೆ ಸುರೇಖಾಳ ಮೊದಲ ಬಸಿರು ನಿಂತಿರಲಿಲ್ಲ. ಆದ್ದರಿಂದ ಎರಡನೆಯ ಸಲ ರಂಗವ್ವ ಮತ್ತಷ್ಟು ನಿಷ್ಠೆಯಿಂದ, ಬೇರೆ ಯಾರ ಕೊಡವೂ ನಳದ ಕೆಳಗೆ ಬರುವ ಮುನ್ನ ತನ್ನ ಕೊಡವನ್ನು ಇಡುತ್ತಿದ್ದಳು.

ಅದೇ ಊರಿನ ಮೇಲಿನ ಓಣಿಯ ಐಶ್ವರ್ಯ ಬಾಗಲಕೋಟೆಯಲ್ಲಿ ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ರಜೆಗೆ ಬಂದವಳು ಎರಡು ಬಾಟಲಿ ನೀರು ಒಯ್ದಳು: ಒಂದು ಸುರೇಖಾಳ ಮೀಸಲು ಕೊಡದ್ದು, ಇನ್ನೊಂದು ಮಧ್ಯಾಹ್ನ ಹೆಂಗಸರೆಲ್ಲ ತುಂಬಿಕೊಳ್ಳುತ್ತಿದ್ದಾಗ ಅದೇ ನಳದಿಂದ ಹಿಡಿದದ್ದು. ಮೊದಲನೆಯದರಲ್ಲಿ ಸೀಸ ಮಿತಿಮೀರಿ ಇತ್ತು, ಎರಡನೆಯದರಲ್ಲಿ ಅಲ್ಪಸ್ವಲ್ಪ. ಅವಳು ಬಂದು ಗುಡಿಯ ಕಟ್ಟೆಯ ಮೇಲೆ ಕುಳಿತವರಿಗೆ ಇದನ್ನು ಹೇಳಿದಳು.

"ಒಂದ ನಳ, ಒಂದ ನೀರು. ಮುಂಜಾನಿ ವಿಷ, ಮಧ್ಯಾಹ್ನ ಅಮೃತ," ಅಂದ ಮಾಳಪ್ಪ. "ನಿನ್ನ ಮಷೀನು ಕುಡದಿತ್ತೇನ ತಂಗಿ?"

"ನನಗೂ ಒಗಟ ಆಗೇತ್ರಿ ಕಾಕಾ. ಅದಕ್ಕ ಕೇಳಾಕ ಬಂದೇನಿ. ಆ ಕೊಳವಿ ಯಾತರದು?"

"ಕಬ್ಬಿಣದ್ದು. ನಮ್ಮ ಮುತ್ತ್ಯಾನ ಕೈಯಾಗ ಬಾಗಿದ್ದು. ಬೇಕಾದ್ರ ನೋಡು, ಒಂದ ತುಂಡ ಉಳದೈತಿ."

ಗುಡಿಯ ಹಿಂದೆ ಭಂಡಾರ ಬಳಿದು ಇಟ್ಟಿದ್ದ ತುಂಡನ್ನು ಹೆಮ್ಮೆಯಿಂದ ಅವನೇ ತಂದ. ನಳದ ತಿರುಪು ಸರಿಮಾಡಲು ಇಳಕಲ್ಲಿನಿಂದ ಬಂದಿದ್ದ ಖಾದರಬಾಷಾ ಅದನ್ನು ಕೈಗೆ ತೆಗೆದುಕೊಂಡು ಚೂರಿಯಿಂದ ಕೆರೆದ. ಕಪ್ಪು ಸಿಪ್ಪೆಯ ಕೆಳಗೆ ಬೆಳ್ಳಿಯ ಬಣ್ಣ ಹೊಳೆಯಿತು. ಮೊಣಕಾಲಿಗೆ ಒತ್ತಿ ಹಿಡಿದ. ತುಂಡು ಮೆಲ್ಲನೆ ಬಾಗಿತು.

"ಕಾಕಾ, ಇದು ನನ್ನ ಕೈಯಾಗೂ ಬಾಗ್ತೈತಲ್ಲ. ನಾ ಅಂಥಾ ಯಾವ ಭಕ್ತ?"

ಮಾಳಪ್ಪ ಸೋಲಲಿಲ್ಲ. "ಬೀರಪ್ಪ ಜಾತಿ ನೋಡಿ ಒಲಿಯಾಂವ ಅಲ್ಲಲೇ. ನಿನಗೂ ಒಲದಾನ. ಭಂಡಾರ ಹಚ್ಗೊ."

"ಹಚ್ಗೋತೇನಿ. ಆದ್ರ ಇದು ಕಬ್ಬಿಣ ಅಲ್ರಿ, ಸೀಸ. ಮೀನ ಹಿಡಿಯೂ ಬಲಿಗೆ ಗುಂಡು ಕಟ್ತಾರಲ್ಲ, ಅದು."

ಆದರೂ ಬೆಳಗು ಮಧ್ಯಾಹ್ನಗಳ ಒಗಟು ಬಿಡಿಸಿದಂತಾಗಿರಲಿಲ್ಲ. ನೆರೆಮನೆಯ ಗುರುಲಿಂಗವ್ವ ಅದನ್ನೇ ಹಿಡಿದಳು: "ಹಂಗಾದ್ರ ಮಧ್ಯಾಹ್ನಕ್ಕ ಆ ಸೀಸ ಉಣ್ಣಾಕ ಹೋಗಿರ್ತೈತೇನವಾ?"

ಎಲ್ಲರೂ ನಕ್ಕರು. ಅತ್ತೆಯ ಜೊತೆ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸುರೇಖಾ ನಗಲಿಲ್ಲ. ಮೀಸಲನ್ನು ಒಲ್ಲೆನೆನ್ನುವ ಅಧಿಕಾರ ಸೊಸೆಗಿಲ್ಲ. ಪ್ರಶ್ನೆ ಕೇಳಲು ಅಡ್ಡಿಯಿರಲಿಲ್ಲ.

"ಅತ್ತಿ, ತಾಮ್ರದ ತಂಬಿಗ್ಯಾಗ ರಾತ್ರಿ ಮಜ್ಜಿಗಿ ಯಾಕ ಇಡಗೊಡೂದಿಲ್ಲರಿ ನೀವು?"

"ಕಿಲುಬು ಇಳೀತೈತಿ. ಕುಡದ್ರ ವಾಂತಿ ಆಕ್ಕೈತಿ."

"ಅದರಾಗ ಹಾಕಿ ಆಗಿಂದಾಗ ಕುಡದ್ರ?"

"ಆಗಿಂದಾಗ ಕುಡದ್ರ ಏನಾಕ್ಕೈತಿ? ನಿಂತ್ರ..." ಎಂದ ರಂಗವ್ವ ಅಲ್ಲಿಗೇ ತಡೆದಳು.

"ಅದ ನೋಡ್ರಿ," ಅಂದಳು ಐಶ್ವರ್ಯ. "ರಾತ್ರಿಯೆಲ್ಲಾ ನಿಂತ ನೀರಾಗ ಸೀಸ ಇಳೀತೈತಿ. ಹರಿಯೂ ನೀರಾಗ ಕಡಿಮಿ, ಆದ್ರ ಇಲ್ಲಂತಲ್ಲ. ಹೊಟ್ಟ್ಯಾಗಿನ ಕೂಸಿಗೆ ಭಾಳ ಕೆಟ್ಟರಿ ಅದು."

"ಕುದಿಸಿ ಕೊಟ್ರ?" ಅಂದಳು ರಂಗವ್ವ.

"ಕುದಿಸಿದ್ರ ಹೋಗೂದಿಲ್ಲರಿ ಕಾಕೂ. ಕೊಳವೀನ ತಗೀಬೇಕು."

ಹೋದ ಬಸಿರೂ ಇದರಿಂದಲೇ ಹೋಯಿತೇ ಎಂದು ರಂಗವ್ವ ಕೇಳಿದಳಂತೆ. ಹಾಗೆ ಹೇಳಲು ಬರುವುದಿಲ್ಲ ಎಂದಳಂತೆ ಐಶ್ವರ್ಯ.

ಪಂಚಾಯಿತಿಯವರು ಹೊಸ ಪ್ಲಾಸ್ಟಿಕ್ ಪೈಪು ಹಾಕಲು ಒಪ್ಪಿದರು. ಆದರೆ ಕೊಳವೆ ಇದ್ದದ್ದು ಗುಡಿಯ ನೆಲದಲ್ಲಿ. ಪೂಜಾರಿ ಹೂಂ ಎನ್ನದೆ ಯಾರೂ ಗುದ್ದಲಿ ಮುಟ್ಟುವಂತಿರಲಿಲ್ಲ. ಮಾಳಪ್ಪ ಒಪ್ಪಲಿಲ್ಲ. "ಮುತ್ತ್ಯಾ ಹಾಕಿದ ಕೊಳವಿಗೆ ಕರಗಸ ಹಚ್ಚಂತ ನನ್ನ ಬಾಯಿಲೆ ಹೆಂಗ ಹೇಳ್ಲಿ? ದೇವರ ಮೀಸಲು ಅದು. ಅದರಿಂದ ಯಾರಿಗೂ ಕೇಡಾಗೂದಿಲ್ಲ."

ಮರುದಿನ ಬೆಳಗ್ಗೆ ರಂಗವ್ವ ಎಂದಿನಂತೆ ಮೀಸಲು ಕೊಡ ತುಂಬಿದಳು. ಸುರೇಖಾ ಎಂದಿನಂತೆ ಬಾಗಿ ಬೊಗಸೆಯೊಡ್ಡಿದಳು. ನೀರಿಗೆ ಬಂದ ಹೆಂಗಸರು ನೋಡುತ್ತಿದ್ದರು. ರಂಗವ್ವ ಸೊಸೆಯನ್ನು ದಾಟಿ ನೇರ ಗುಡಿಯೊಳಗೆ ಹೋಗಿ ಕೊಡವನ್ನು ಗಂಡನ ಮುಂದೆ ಇಳಿಸಿದಳು.

"ಇದರಿಂದ ಕೇಡಿಲ್ಲಂತ ಹೇಳಿದವರು ನೀವು. ಇವತ್ತಿನಿಂದ ಬಸರಿ ಪಾಲಿಂದು ನೀವ ಕುಡೀರಿ. ದಿನಾ ಒಂದ ಕೊಡ."

"ಹೆರಿಗಿ ಆಗೂತನಕ ಬಿಡಬ್ಯಾಡ್ರಿ ಮತ್ತ," ಅಂದಳು ಹೊರಗಿನಿಂದ ಗುರುಲಿಂಗವ್ವ.

ಮಾಳಪ್ಪನೂ ನಕ್ಕನಂತೆ. ಕೊಡವನ್ನು ವಾಲಿಸಿ ಅಂಗೈ ತುಂಬಾ ನೀರು ಹಿಡಿದ. ಕೈ ತುಟಿಯವರೆಗೆ ಏರಿ ಅಲ್ಲಿ ನಿಂತಿತು. ಹೊರಗೆ ಸೊಸೆ ಇನ್ನೂ ಬೊಗಸೆ ಒಡ್ಡಿಕೊಂಡೇ ನಿಂತಿದ್ದಳು.

ಇಲ್ಲಿಂದ ಮುಂದೆ ಹೇಳುವವರು ಬೇರೆಯಾಗುತ್ತಾರೆ. ಅವನು ನೀರನ್ನು ನೆಲಕ್ಕೆ ಬಿಟ್ಟು ಧೋತರಕ್ಕೆ ಕೈ ಒರೆಸಿಕೊಂಡನೆಂದು ಗುರುಲಿಂಗವ್ವನ ಪಾಠ. ಪೂರಾ ಕುಡಿದನೆಂದು ಖಾದರಬಾಷಾ ಆಣೆಯಿಟ್ಟು ಹೇಳುತ್ತಾನೆ. ಆದರೆ ಆ ಬೆಳಗ್ಗೆ ಅವನು ಅಲ್ಲಿರಲಿಲ್ಲ. ಮುಂದಿನದರ ಬಗ್ಗೆ ಭೇದವಿಲ್ಲ. ಮಾಳಪ್ಪ ಬಂಡೆಯ ಬಳಿಗೆ ಹೋಗಿ, ಕೊಳವೆ ಹೂಳಿದ ನೆಲಕ್ಕೆ ಭಂಡಾರ ಹಾಕಿ, ಮುತ್ತ್ಯಾನ ಹೆಸರು ಹೇಳಿ ತಪ್ಪಾಯಿತೆಂದು ಕೈಮುಗಿದು, ಖಾದರಬಾಷಾನಿಗೆ ಕರಗಸ ತರಲು ಹೇಳಿಕಳಿಸಿದ. ಹೊಸ ಪೈಪು ಬರುವವರೆಗೆ ಬೀರಪ್ಪನ ಓಣಿಯವರು ಮೇಲಿನ ಓಣಿಯಲ್ಲಿ, ಐಶ್ವರ್ಯಳ ತಾಯಿ ಸಂಗವ್ವನ ಮನೆಯ ಬೋರಿನ ಮುಂದೆ ಪಾಳಿ ನಿಂತರು. ಅಲ್ಲಿ ಪೂಜಾರಿಯ ಮನೆಗೆ ಮೊದಲ ಕೊಡದ ಮಾನ ಇರಲಿಲ್ಲ. ರಂಗವ್ವ ಅದನ್ನು ಕೇಳಲೂ ಇಲ್ಲ. ಸುರೇಖಾಳಿಗೆ ದಿನ ತುಂಬಿ ಹೆಣ್ಣು ಹುಟ್ಟಿತು.

ನೀರು ಕುಡಿದದ್ದು ನಿಜವೇ ಎಂದು ಕೊನೆಗೆ ಮಾಳಪ್ಪನನ್ನೇ ಕೇಳಿದೆ.

"ಆ ಹುಡುಗಿ ಬೊಗಸಿ ಹಿಡಕೊಂಡು ನಿಂತಿದ್ದಳ್ರಿ," ಅಂದ. "ನಾ ಕುಡದೆನೋ ಬಿಟ್ಟೆನೋ, ಅದು ಯಾರಿಗೆ ನೆನಪಿರ್ತೈತಿ."