ಮಂಜು ಹೊದಿಸಿದ ಕೇರಿ

"ಕಣ್ಣೇನು ಬೆನ್ನಲ್ಲಿದೆಯೇನೇ, ಮೂಗಿ? ಅಲ್ಲಿ ನೋಡು, ಇನ್ನೂ ಒಂದು ತಗಡು ಇಣುಕ್ತಾ ಇದೆ. ಮುಚ್ಚೇ ಅದನ್ನ!"

ಧಣಿಯ ಉಂಗುರದ ಬೆರಳು ಕಂಪ್ಯೂಟರಿನ ಪರದೆಯನ್ನು ಟಕಟಕನೆ ಕುಟ್ಟಿತು. ಬೆಟ್ಟದ ಮೇಲೆ ಅವನು ಕಟ್ಟಲಿರುವ ಬಂಗಲೆಗಳು ಚಿತ್ರದಲ್ಲಿ ಆಗಲೇ ಎದ್ದು ನಿಂತಿದ್ದವು. ಬುಡದಲ್ಲಿ ಕಲ್ಲುಕ್ವಾರಿಯವರ ತಗಡಿನ ಮನೆಗಳು. ಡ್ರೋನ್ ಹಾರಿಸಿ ತೆಗೆದ ಫೋಟೋಗಳಿಂದಲೇ ಇಡೀ ಕಣಿವೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿದ್ದರಿಂದ ಅವೂ ಬಂದು ಕೂತಿದ್ದವು. ಕಿತ್ತುಹಾಕಿದರೆ ನೆಲಕ್ಕೇ ತೂತು ಬೀಳುತ್ತಿತ್ತು. ಅದಕ್ಕೇ ಮೇಲೆ ಮಂಜು ಹೊದಿಸುವುದು.

ಮೂಗಿ ಎಂಬುದು ಕಚೇರಿಯವರು ಇಟ್ಟ ಹೆಸರು. ಬಾಯಿದ್ದೂ ಆಡದವಳು. ಅವಳು ಮೌಸ್ ಎಳೆದಳು. ತಗಡಿನ ಮೇಲೆ ಬಿಳುಪು ದಟ್ಟವಾಯಿತು.

"ಹಾಂ, ಹಾಗೆ. ನಾಳೆ ದುಡ್ಡು ಹಾಕೋರು ಬರ್ತಾರೆ. ಜಾಗ ಖಾಲಿ ಅಂತ ಹೇಳಿದ್ದೀನಿ. ನಿಮ್ಮಮ್ಮ ಒಣಗಾಕಿದ ಲಂಗ ತೋರಿಸ್ಲಾ ಅವರಿಗೆ?"

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಆ ತಗಡು ಅವಳ ಮನೆಯದೇ ಎಂದು ಎಲ್ಲರಿಗೂ ಗೊತ್ತಿತ್ತು.

ಸಂಜೆ ಅಮ್ಮ ತಲೆಗೂದಲಿನ ಕಲ್ಲುಪುಡಿ ಕೊಡವುತ್ತಾ ಕೇಳಿದಳು, "ಏನೇ, ಮುಖ ಯಾಕೆ ಗಂಟಿಕ್ಕೊಂಡಿದ್ದೀಯಾ?"

"ನಮ್ಮನೆ ಮೇಲೆ ಮಂಜು ಹಾಕಿ ಬಂದೆ ಕಣಮ್ಮ. ಕಾಣದ ಹಾಗೆ."

"ಅಯ್ಯೋ! ಬುಲ್ಡೋಜರ್ ತರೋಕ್ ಮುಂಚೆ ಹೊದಿಕೆ ಬೇರೆ ಹೊದಿಸ್ತಾರಾ? ಭಾರಿ ನಯಸ್ಥರು, ಸೂಳೆಮಕ್ಕಳು." ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ನಾಳೆ ಅವರು ಹೂಂ ಅಂದ್ರೆ ನಾಡಿದ್ದೇ ಒಡೀತಾರಂತೆ. ಮೇಸ್ತ್ರಿ ಹೇಳಿದ. ಅಲ್ವೇ, ಮುಖದ ಮೇಲೆ ಬಟ್ಟೆ ಎಳೆಯೋದು ಸತ್ತೋರಿಗೆ. ನಾವಿನ್ನೂ ಉಸಿರಾಡ್ತಾ ಇದ್ದೀವಲ್ಲೇ!"

ಮಗಳು ನೀರಿನ ಲೋಟ ಅಮ್ಮನ ಕೈಗಿಟ್ಟಳು.

ಮರುದಿನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೋಟು ತೊಟ್ಟವರು ಸಾಲಾಗಿ ಕೂತರು. ಪ್ರೊಜೆಕ್ಟರಿನ ಬೆಳಕಲ್ಲಿ ಗೋಡೆಯ ತುಂಬ ಕಣಿವೆ ಹರಡಿತು.

"ಈಗ ನೋಡಿ ಸಾರ್, ಸೂರ್ಯೋದಯ," ಎಂದ ಧಣಿ. ಕಂಪ್ಯೂಟರಿನ ಮುಂದಿದ್ದ ಅವಳತ್ತ ತಿರುಗಿ ದನಿ ತಗ್ಗಿಸಿದ: "ಬಿಡೇ ಬಿಸಿಲುಕೋಲು."

ಚಿತ್ರದಲ್ಲಿ ಬಿಸಿಲುಕೋಲು ತಾನಾಗಿ ಬೀಳುವುದಿಲ್ಲ. ಸೂರ್ಯನಿಗೆ ಅಡ್ಡವಾಗಿ, ನೋಡುವವರಿಗೆ ಕಾಣದಂತೆ ಒಂದು ಹಲಗೆ ನಿಲ್ಲಿಸಿ, ಅದರಲ್ಲಿ ಕಿಂಡಿ ಕೊರೆಯಬೇಕು. ಕಿಂಡಿ ಎತ್ತಲೋ ಬೆಳಕು ಅತ್ತ. ನಿನ್ನೆಯವರೆಗೂ ಅದು ಬಂಗಲೆಗಳ ನೇರಕ್ಕಿತ್ತು. ಅವಳು ಕಿಂಡಿಯನ್ನು ಸರಿಸಿದಳು. ಬೆಳಕು ಇಳಿಜಾರಿನಗುಂಟ ಜಾರಿ ಕೇರಿಗೆ ಬಂದು ನಿಂತಿತು. ಅಲ್ಲಿನ ಮಂಜನ್ನು ಕೋಲು ಕಾಣುವಷ್ಟೇ ತೆಳ್ಳಗೆ ಉಳಿಸಿ, ಮಿಕ್ಕಿದ್ದನ್ನೆಲ್ಲ ಬಂಗಲೆಗಳ ಮೇಲೆ ಸುರಿದಳು. ಒಂದೊಂದೇ ಮುಳುಗುವುದನ್ನು ಕಣ್ತುಂಬ ನೋಡಿದಳು.

ಮುಂದಿನ ಸಾಲಿನ ಮುದುಕರೊಬ್ಬರು ಕತ್ತು ಚಾಚಿದರು. "ಖಾಲಿ ಅಂದ್ರಲ್ರೀ? ಯಾರಿರೋದು ಅಲ್ಲಿ?"

"ಹಳೇ ಶೆಡ್ಡು ಸಾರ್... ದನ ಕಟ್ತಿದ್ರು."

ಅವಳು ಚಿತ್ರವನ್ನು ಇನ್ನೂ ಕೆಳಕ್ಕಿಳಿಸಿದಳು. ಕೊಡಗಳು, ಒಲೆಯ ಹೊಗೆ, ಗೋಡೆಗೊರಗಿದ ಸೈಕಲ್ಲು.

"ದನ ಸೈಕಲ್ ಹೊಡೀತಾವೇನ್ರೀ?"

"ಏ ಬೋಳಿ, ಆರಿಸೇ ಅದನ್ನ!" ಧಣಿ ಓಡಿಹೋಗಿ ಗೋಡೆಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತ. ತಗಡಿನ ಮನೆಯೊಂದು ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಒಡೆಯಬೇಕಾದ ಮನೆಗಳಿಗೆ ಅವನ ಆಳುಗಳೇ ಬಳಿದುಹೋಗಿದ್ದ ಕೆಂಪು ಕತ್ತರಿ ಗುರುತು ಸರಿಯಾಗಿ ಅವನ ಎದೆಗೆ ಬಂದು ಕೂತಿತು.

ಅವಳು ಬೆಳಕು ಹೆಚ್ಚಿಸಿದಳು.