ಚುಕ್ಕೆ ಇಟ್ಟ ಜಾಗ

“ಥೂ, ಗೇಟ್ ಮುಟ್ಬೇಡ! ನಿಮ್ಮಂಥೋರ್ನೆಲ್ಲ ಬಾತ್‌ರೂಮಿಗೆ ಬಿಟ್ಕೊಂಡ್ರೆ ಆಮೇಲೆ ನಾವ್ ಹೋಗೋದ್ ಹೆಂಗೆ?”

ಮನೆಯೊಡತಿಯ ಕೂಗಿಗೆ ಕೆಂಪಕ್ಕ ಗೇಟಿನಿಂದ ಕೈ ತೆಗೆದಳು. ಹನ್ನೊಂದು ವರ್ಷದಿಂದ ಈ ಮನೆಯ ಮುಂದೆ ಗುಡಿಸಿದ್ದಾಳೆ, ಇವರ ಮೊಮ್ಮಗುವಿನ ಡೈಪರನ್ನು ಬರಿಗೈಯಲ್ಲಿ ಎತ್ತಿದ್ದಾಳೆ. ಅವರ ಹೇಲು ಇವಳ ಕೈಗೆ ಬರಬಹುದು, ಇವಳ ಉಚ್ಚೆ ಅವರ ಮನೆಗೆ ಹೋಗಬಾರದು. ಬೆಂಕಿ ಬೀಳಲಿ ಆ ಮಡಿಗೆ!

ಬೆಳಿಗ್ಗೆ ಪೊರಕೆ ಹಿಡಿದರೆ ಕೆಲಸ ಮುಗಿಯುವವರೆಗೂ ಹನಿ ನೀರು ಕುಡಿಯದಿರುವುದು ಸುದ್ದಗುಂಟೆಪಾಳ್ಯದಲ್ಲಿ ಗುಡಿಸುವ ಹೆಂಗಸರ ಪದ್ಧತಿ. ಕುಡಿದರೆ ಹೋಗಬೇಕಲ್ಲ, ಎಲ್ಲಿಗೆ? ಕೆಂಪಕ್ಕನಿಗೆ ಅದೇ ಮುಳುವಾಯಿತು. ವಾರದಿಂದ ಉಚ್ಚೆಯಲ್ಲಿ ರಕ್ತ. ನೀರು ಕುಡಿಯದಿದ್ದರೆ ಕಿಡ್ನಿ ಹೋಗುತ್ತದೆಂದು ಡಾಕ್ಟರಮ್ಮ ಬೈದು ಕಳಿಸಿದ್ದರು. ಇವತ್ತು ಬಾಟಲಿ ಪೂರಾ ಕುಡಿದುಬಿಟ್ಟಿದ್ದಳು.

ಕಾಲೇಜು ಓದುವ ಮಗಳು ತೇಜಸ್ವಿನಿ ಸರ್ಕಾರದ ವೆಬ್‌ಸೈಟಿನಲ್ಲಿ ಒಂದು ಪಟ್ಟಿ ಹುಡುಕಿ ತೆಗೆದು, ಅದರ ಸಾಲನ್ನು ಚೀಟಿಯಲ್ಲಿ ಬರೆದುಕೊಂಡಿದ್ದಳು. ‘ಪೌರಕಾರ್ಮಿಕ ಮಹಿಳೆಯರ ಶೌಚಾಲಯ: ಒಂದು. ಬಳಕೆಯಲ್ಲಿದೆ.’ ಅದನ್ನು ಕೇಳಲೆಂದೇ ತಾಯಿ, ಮಗಳು, ಜೊತೆಗೆ ಗುಡಿಸುವ ಮರಿಯಮ್ಮ, ಮೂವರೂ ವಾರ್ಡ್ ಆಫೀಸಿಗೆ ಹೋದರು.

ಇಂಜಿನಿಯರ್ ಜಯಸಿಂಹ ಚೀಟಿಯನ್ನು ಕೈಯಿಂದ ಈಸಿಕೊಳ್ಳಲಿಲ್ಲ. ಮೇಜಿನ ಮೇಲಿಡಿಸಿ, ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದ.

“ಓ, ಇದಾ? ಇದು ಓಪನ್ ಡೇಟಾ ಕಣಮ್ಮ. ಮುಚ್ಚುಮರೆ ಇಲ್ಲ. ಯಾರ್ ಬೇಕಾದ್ರೂ ನೋಡ್ಬೋದು, ಡೌನ್‌ಲೋಡ್ ಮಾಡ್ಕೋಬೋದು.”

“ನೋಡಕ್ಕಲ್ಲ ಸಾ, ಹೋಗಕ್ ಬೇಕು. ಎಲ್ಲೈತೆ?” ಎಂದಳು ಕೆಂಪಕ್ಕ.

“ಮ್ಯಾಪಲ್ಲಿ ಚುಕ್ಕೆ ಇಟ್ಟಿದೀವಲ್ಲ, ಹುಡುಕ್ಕೊಂಡ್ ಹೋಗಿ. ಅದ್ನೂ ನಾನೇ ಬಂದು ತೋರಿಸ್ಲಾ?” ಎಂದು ಪಕ್ಕದ ಗುಮಾಸ್ತನ ಕಡೆ ನೋಡಿ ನಕ್ಕ. ಗುಮಾಸ್ತನೂ ನಕ್ಕ. ಸಾಹೇಬ ಕೆಮ್ಮಿದರೂ ನಗುವ ಜಾತಿ ಅದು.

ತೇಜಸ್ವಿನಿ ಫೋನಿನಲ್ಲಿ ಮ್ಯಾಪು ತೆರೆದಳು. ನೋಡಿದಳು, ಮತ್ತೊಮ್ಮೆ ನೋಡಿದಳು.

“ಅಮ್ಮ, ಎಲ್ಲೂ ಹೋಗೋದ್ ಬ್ಯಾಡ. ಚುಕ್ಕೆ ಈ ಆಫೀಸ್ ಮೇಲೇ ಐತೆ.”

ಗುಮಾಸ್ತನ ನಗು ನಿಂತಿತು. ವಿಳಾಸದ ಕಾಲಂ ತುಂಬದೆ ಕಂಪ್ಯೂಟರಿನಲ್ಲಿ ಪಟ್ಟಿ ಮುಂದಕ್ಕೆ ಹೋಗುವುದಿಲ್ಲವೆಂದು, ಕಟ್ಟದ ಶೌಚಾಲಯಕ್ಕೆ ಅವನು ತನ್ನ ಆಫೀಸಿನ ವಿಳಾಸವನ್ನೇ ಬರೆದಿದ್ದ.

“ಹಂಗಾರೆ ಆ ಬಾಗ್ಲುದು ಬೀಗದ್ ಕೈ ಕೊಡಿ ಸಾ,” ಎಂದು ಕೆಂಪಕ್ಕ ಮೂಲೆಯ ಟಾಯ್ಲೆಟ್ಟಿನ ಕಡೆ ಕೈ ತೋರಿಸಿದಳು. ಹೊಟ್ಟೆಯ ಕೆಳಗೆ ಕೊಳ್ಳಿ ಇಟ್ಟಂತೆ ಉರಿಯುತ್ತಿತ್ತು.

“ಅದು ಸ್ಟಾಫಿಂದು,” ಎಂದ ಜಯಸಿಂಹ.

“ನಾವ್ ಸ್ಟಾಫಲ್ವಾ?”

“ಬಾಯ್ಮುಚ್ಚೇ ಮುಂಡೆ! ಎಲ್ಲಾದ್ರೂ ಮೋರಿ ಪಕ್ಕ ಕೂತ್ಕೋ ಹೋಗು. ನಿಮಗೇನ್ ಹೊಸ್ದಾ?”

ತೇಜಸ್ವಿನಿಯ ಕಣ್ಣು ತುಂಬಿತು. ಕೆಂಪಕ್ಕನಿಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಈ ಜನ್ಮದಲ್ಲಿ ಎತ್ತಿದ ಯಾವ ಕಸವೂ ಇಷ್ಟು ನಾರಿರಲಿಲ್ಲ.

“ಮರೀ, ಕೋಟ್ ಬಿಚ್ಚೇ,” ಎಂದಳು.

ಮರಿಯಮ್ಮ ಯೂನಿಫಾರಂ ಕೋಟು ಬಿಚ್ಚಿ ಅಡ್ಡ ಹಿಡಿದಳು. ಕೆಂಪಕ್ಕ ಇಂಜಿನಿಯರನ ಮೇಜಿನ ಮುಂದೆ, ಹೊಳೆಯುವ ನೆಲದ ಮೇಲೆ, ಸೀರೆ ಎತ್ತಿ ಕುಕ್ಕರುಗಾಲಲ್ಲಿ ಕೂತಳು.

“ಏಯ್! ಏಯ್! ಪೊಲೀಸ್ ಕರಿತೀನಿ!”

“ಕರಿಯೋ! ಅವ್ರೂ ನೋಡ್ಲಿ. ಮುಚ್ಚುಮರೆ ಇಲ್ಲ ಅಂದ್ಯಲ್ಲ!”

ಜಯಸಿಂಹ ಬೂಟುಗಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡ. ಕೆಂಪಕ್ಕ ನಿಧಾನವಾಗಿ ಎದ್ದಳು, ಸೀರೆ ಸರಿಮಾಡಿಕೊಂಡಳು, ಮರಿಯಮ್ಮನ ಕೈಯಿಂದ ಕೋಟು ಈಸಿಕೊಂಡು ತಾನು ಅಡ್ಡ ಹಿಡಿದಳು.

“ನೀನ್ ಕೂತ್ಕಳೇ,” ಎಂದಳು.