ನಾರ್ಬರ್ಟನ ಇಟ್ಟಿಗೆ

ತಂಗಿ ಒಡೀಲಳ ಮನೆಗೆ ಹೋದಾಗಲೆಲ್ಲ ಡೆಲ್ಫೀನ್ ಒಲೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಒಲೆಯ ಮೇಲಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ, ಒಂದು ತುಂಡು ಬಿಳಿ ಪಟ್ಟಿಯಿತ್ತು. ಹಿಂದೆ ಶಾಲೆಯ ಅಮೆರಿಕನ್ ಫುಟ್ಬಾಲ್ ಪಂದ್ಯದ ದಿನ ಕೋಚ್ ರೇಮಾಕರ್ ಒಬ್ಬ ಹುಡುಗನನ್ನು ಆರಿಸಿ, ಗಾಯಕ್ಕೆ ಸುತ್ತುವ ಪಟ್ಟಿಯ ಮೇಲೆ ಒಂದು ಮಾತು ಬರೆದು ಅವನ ಹೆಲ್ಮೆಟ್ಟಿನೊಳಗೆ ಅಂಟಿಸುತ್ತಿದ್ದರು. ಒಡೀಲಳ ಗಂಡ ಕ್ಲಿಫರ್ಡ್‌ಗೆ ಸಿಕ್ಕ ಮಾತು: "ಚೆನ್ನಾಗಿ ಆಡಿದೆ ಅಂತ ಯಾರಾದರೂ ಹೊಗಳಿದರೆ, ಎಲ್ಲಿ ಕಮ್ಮಿ ಬಿತ್ತು ಅಂತ ಕೇಳು."

ಡೆಲ್ಫೀನಳ ಗಂಡ ನಾರ್ಬರ್ಟ್ ಅದೇ ತಂಡದವನು. ಚೆಂಡು ಹಿಡಿದು ಓಡುವ ಕ್ಲಿಫರ್ಡ್‌ಗೆ ಮುಂದಿನ ಸಾಲಿನಲ್ಲಿ ನಿಂತು, ಎದುರಾಳಿಗಳನ್ನು ನೂಕಿ ದಾರಿ ಮಾಡಿಕೊಟ್ಟವನು. ಅವನಿಗೆ ಪಟ್ಟಿ ಸಿಗಲಿಲ್ಲ. ಮುರಿದ ಮೂಗು ಸಿಕ್ಕಿತು. ಅದರ ಬಗ್ಗೆ ಅವನು ತಲೆಕೆಡಿಸಿಕೊಂಡವನೇ ಅಲ್ಲ, ಕೆಡಿಸಿಕೊಂಡಿದ್ದೆಲ್ಲ ಡೆಲ್ಫೀನ್.

ಈಗ ಶಾಲೆಯ ಮೈದಾನಕ್ಕೆ ಹೊಸ ಗೋಡೆ ಏಳುತ್ತಿತ್ತು. ಒಬ್ಬೊಬ್ಬ ಹಳೆಯ ಆಟಗಾರನಿಗೂ ಒಂದೊಂದು ಇಟ್ಟಿಗೆ. ಮೇಲೆ ಹೆಸರು, ಕೆಳಗೆ ಕೋಚ್ ಅವನಿಗೆ ಹೇಳಿದ ಮಾತು. ಸೋಮವಾರ ಕೆತ್ತನೆ. ನಾರ್ಬರ್ಟನ ಹೆಸರಿನ ಕೆಳಗೆ ಕೆತ್ತಿಸಲು ಏನೂ ಇರಲಿಲ್ಲ.

"ಖಾಲಿ ಇದ್ದರೆ ಇರಲಿ ಬಿಡೇ," ಅಂದಿದ್ದಳು ಒಡೀಲ್. "ನೋಡೋಕೆ ಚೊಕ್ಕಟವಾಗಿರುತ್ತೆ."

"ಹೌದೌದು. ಗೋರಿಕಲ್ಲೂ ಚೊಕ್ಕಟವಾಗೇ ಇರುತ್ತೆ."

ಭಾನುವಾರ ಚರ್ಚಿನ ಅಂಗಳದಲ್ಲಿ ಊರೂಟ. ನಾರ್ಬರ್ಟ್ ಬೆಳಕು ಹರಿಯುವ ಮೊದಲೇ ಬೂಯಾ ಎಂಬ ಗಟ್ಟಿ ಸಾರಿನ ಕೊಪ್ಪರಿಗೆಯ ಕೆಳಗೆ ಬೆಂಕಿ ಹಾಕಿ, ಕೋಳಿ, ದನದ ಮಾಂಸ, ಎಲೆಕೋಸು, ಬಟಾಣಿ ಎಲ್ಲ ಕರಗಿ ಒಂದಾಗುವಂತೆ ದೋಣಿಯ ಹುಟ್ಟಿನಷ್ಟುದ್ದದ ಮರದ ಸೌಟಿನಿಂದ ಕೈಯಾಡಿಸುತ್ತಿದ್ದ. ಮಧ್ಯಾಹ್ನ ಕೋಚ್ ಬಂದರು. ತೊಂಬತ್ತು ದಾಟಿದ ಜೀವ, ಗಾಲಿಕುರ್ಚಿಯಲ್ಲಿ. ಕುರ್ಚಿ ತಳ್ಳಿಕೊಂಡು ಬಂದವನು ಕ್ಲಿಫರ್ಡ್. ಇವತ್ತೂ ಇವನೇ ಬೇಕಿತ್ತೇ ಎಂದು ಡೆಲ್ಫೀನ್ ಗೊಣಗಿಕೊಂಡಳು.

ಅವಳೇ ಒಂದು ಬಟ್ಟಲು ಬೂಯಾ ತಂದು ಅವರ ತೊಡೆಯ ಮೇಲಿಟ್ಟಳು.

"ಕೋಚ್, ನಮ್ಮ ನಾರ್ಬರ್ಟ್‌ಗೆ ನೀವು ಹೇಳಿದ ಮಾತು ಯಾವುದು? ಗೋಡೆಗೆ ಬೇಕಿತ್ತು."

"ಯಾವ ನಾರ್ಬರ್ಟ್?"

ಒಡೀಲ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಕೆಮ್ಮಿಗಲ್ಲ ಎಂದು ಡೆಲ್ಫೀನ್‌ಗೆ ಗೊತ್ತಿತ್ತು.

"ಹೇಳಿಲ್ಲದಿದ್ದರೆ ಈಗ ಹೇಳಿಬಿಡಿ," ಅವಳು ಬಗ್ಗಿ ಪಿಸುಗುಟ್ಟಿದಳು. "ಯಾವುದಾದರೂ ಸರಿ. ಗೆಲ್ಲೋದರ ಮೇಲೆ ಒಂದು."

ಕೋಚ್ ಒಂದು ಚಮಚ ಬಾಯಿಗಿಟ್ಟರು. ಮುಖ ಕಿವುಚಿದರು. ತಲೆ ಎತ್ತಿ ಹೊಗೆಯ ಕಡೆ ನೋಡಿದರು. ಅಲ್ಲಿ ನಾರ್ಬರ್ಟ್ ಕಂಬದ ಹಾಗೆ ನೆಟ್ಟಗೆ ನಿಂತು ಸೌಟು ತಿರುವುತ್ತಿದ್ದ.

"ಏಯ್ ಅರವತ್ಮೂರು!"

ಅರವತ್ತಮೂರು ಆಗ ನಾರ್ಬರ್ಟನ ಆಟದ ಅಂಗಿಯ ಮೇಲಿದ್ದ ಸಂಖ್ಯೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು.

"ಮತ್ತೆ ನೆಟ್ಟಗೆ ನಿಂತಿದ್ದೀಯಲ್ಲೋ! ಮೇಲ್ಮೇಲೆ ಆಡಿಸಿದ್ರೆ ತಳ ಹಿಡೀದೆ ಇನ್ನೇನಾಗುತ್ತೆ? ಮಂಡಿ ಬಗ್ಗಿಸು! ತಳ ಮುಟ್ಟು! ಕೈಲಾಗದೋನಿಗೆ ನಾನು ಯಾವತ್ತಾದ್ರೂ ಬೈದಿದ್ದೀನೇನೋ?"

"ಸರಿ ಕೋಚ್!" ಅಂದ ನಾರ್ಬರ್ಟ್. ನೋವಿನ ಮಂಡಿಗಳನ್ನು ಬಗ್ಗಿಸಿ, ಸೌಟನ್ನು ಆಳಕ್ಕೆ ಒತ್ತಿ ಕೆರೆದ. ಬೆವರಿದ ಮುಖದಲ್ಲಿ ಹದಿನೆಂಟರ ಹುಡುಗನ ನಗು.

ಕುರ್ಚಿಯ ಹಿಂದೆ ಕ್ಲಿಫರ್ಡ್ ಮೆತ್ತಗೆ ಅಂದ, "ನನಗೆ ಒಂದು ದಿನಾನೂ ಬೈದಿಲ್ಲ ಇವರು."

"ಬೈಸಿಕೊಳ್ಳೋದೂ ಒಂದು ಭಾಗ್ಯವಾ?" ಎಂದು ಒಡೀಲ್ ಗಂಡನ ಮೇಲೆ ಹರಿಹಾಯ್ದಳು. ಆ ದನಿಯ ಹುಳಿ ಡೆಲ್ಫೀನ್‌ಗೆ ಚಿರಪರಿಚಿತ. ಅದು ಇಷ್ಟು ವರ್ಷ ತನ್ನ ಗಂಟಲಲ್ಲೇ ಇತ್ತು.

ಕೆತ್ತನೆಯ ಎಮಿಲ್ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತಿದ್ದ. ಡೆಲ್ಫೀನ್ ಅವನ ತೋಳು ಜಗ್ಗಿದಳು.

"ಕೇಳಿಸಿಕೊಂಡೆಯಲ್ಲ? 'ಮಂಡಿ ಬಗ್ಗಿಸು, ತಳ ಮುಟ್ಟು.' ಹಾಗೇ ಕೆತ್ತು."

"ತಳ ಹಿಡಿದದ್ದು ಬೇಡವಾ?"

"ನಿನ್ನ ತಲೆ."

ಒಡೀಲ್ ಒಂದು ಚಮಚ ಬಾಯಿಗಿಟ್ಟು ಮೂಗು ಮುರಿದಳು. "ನಿಜವಾಗಲೂ ಸೀದಿದೆ ಕಣೆ."

"ಹೌದು," ಅಂದಳು ಡೆಲ್ಫೀನ್. "ಇನ್ನೊಂದು ಸೌಟು ಹಾಕಲಾ?"